ಮೊದಲು ಅಳೆಯಿರಿ, ಆಮೇಲೆ ವಿವರಿಸಿ

ನಮ್ಮ ಮನಸ್ಸು ಸಂಭವನೀಯತೆಯ ಲೆಕ್ಕ ಹಾಕುತ್ತದೆ ಅನ್ನುವ ವಾದ ನನಗೆ ತುಂಬಾ ಇಷ್ಟ. ಆದರೆ ಆ ಲೆಕ್ಕಕ್ಕೆ ಬೇಕಾದ ಪ್ರಯರ್, ಅಂದರೆ ಮನಸ್ಸಿನಲ್ಲಿ ಮೊದಲೇ ಇರುವ ಅಂದಾಜು, ಎಲ್ಲಿಂದ ಬಂತು ಅಂತ ಹೇಳದಿದ್ದರೆ ನಾನು ಒಪ್ಪುವುದಿಲ್ಲ.

18 ವರ್ಷದ ಹುಡುಗ ಒಟ್ಟು ಎಷ್ಟು ವರ್ಷ ಬದುಕಬಹುದು? ಎಪ್ಪತ್ತರ ಆಸುಪಾಸು ಅನ್ನುತ್ತೇವೆ. 90 ದಾಟಿದ ಅಜ್ಜ? ಇನ್ನೊಂದು ನಾಲ್ಕು ವರ್ಷ. ಸಿನಿಮಾ ಗಳಿಕೆಗೆ ಬಂದರೆ ಧಾಟಿಯೇ ಬೇರೆ. ಈಗಾಗಲೇ ಜಾಸ್ತಿ ಗಳಿಸಿದ್ದು ಮುಂದೆಯೂ ಜಾಸ್ತಿ ಗಳಿಸುತ್ತದೆ ಅಂತ ಅಂದಾಜಿಸುತ್ತೇವೆ. 2006ರಲ್ಲಿ ಗ್ರಿಫಿತ್ಸ್ ಮತ್ತು ಟೆನೆನ್‌ಬಾಮ್ ಎಂಬ ಸಂಶೋಧಕರು ಇಂಥ ಪ್ರಶ್ನೆಗಳನ್ನೇ ಕೇಳಿ, ಜನರ ಉತ್ತರಗಳನ್ನು ನಿಜವಾದ ಅಂಕಿಅಂಶಗಳ ಪಕ್ಕದಲ್ಲಿಟ್ಟು ನೋಡಿದರು. ಹೆಚ್ಚಿನ ಕಡೆ ಎರಡೂ ಚೆನ್ನಾಗಿ ಹೊಂದಿದವು. ಹೊಂದಿದ್ದು ಗುಂಪಿನ ಒಟ್ಟಾರೆ ಉತ್ತರ, ಒಬ್ಬೊಬ್ಬರ ತಲೆಯೊಳಗಿನ ಲೆಕ್ಕವಲ್ಲ, ಅದನ್ನು ಮರೆಯಬಾರದು. ಆದರೂ ಇಲ್ಲಿ ಪ್ರಯರ್ ಹೊರಗಿನ ಪ್ರಪಂಚದಿಂದ ಬಂದಿದೆ. ಯಾರು ಬೇಕಾದರೂ ಪರೀಕ್ಷಿಸಬಹುದು.

ಮನೋವಿಜ್ಞಾನಿ ಜಾನ್ ಆಂಡರ್ಸನ್ 1990ರಲ್ಲಿ ಮುಂದಿಟ್ಟ ದಾರಿಯೂ ಇದೇ. ಮನಸ್ಸಿನ ಯಂತ್ರ ಹೇಗಿದೆ ಅಂತ ಕೇಳುವ ಮೊದಲು, ಪ್ರಪಂಚ ಅದಕ್ಕೆ ಯಾವ ಸಮಸ್ಯೆ ಒಡ್ಡಿದೆ, ಅದಕ್ಕೆ ಒಳ್ಳೆಯ ಉತ್ತರ ಯಾವುದು ಅಂತ ಕೇಳಿ ಅಂದರು. ಮನುಷ್ಯರ ಯೋಚನೆಯ ತಪ್ಪುಗಳನ್ನು ಬರೀ ಪಟ್ಟಿ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ.

ತೊಂದರೆ ಶುರುವಾಗುವುದು ಫಲಿತಾಂಶ ನೋಡಿಕೊಂಡು ಪ್ರಯರ್ ಆರಿಸಿದಾಗ. ಆಗ ಮನುಷ್ಯ ಏನು ಮಾಡಿದರೂ ಅದು ತರ್ಕಬದ್ಧವೇ. 2012ರಲ್ಲಿ ಮನೋವಿಜ್ಞಾನಿಗಳಾದ ಬೋವರ್ಸ್ ಮತ್ತು ಡೇವಿಸ್ ಈ ಆಕ್ಷೇಪ ಎತ್ತಿದಾಗ, ಮನಸ್ಸು ಸಂಭವನೀಯತೆಯ ಲೆಕ್ಕ ಹಾಕುತ್ತದೆ ಅನ್ನುವ ಬೇಯೀಸಿಯನ್ ಬಳಗದ ಕೆಲವರಿಗೆ ಸಿಟ್ಟು ಬಂತು. ನನಗೆ ಮಾತ್ರ ಆ ಆಕ್ಷೇಪ ಬೇಕಾದದ್ದೇ ಅನ್ನಿಸುತ್ತದೆ.

ಒಂದೇ ತೂಕದ ಎರಡು ಡಬ್ಬಿ, ಒಂದು ದೊಡ್ಡದು, ಒಂದು ಚಿಕ್ಕದು. ಎತ್ತಿ ನೋಡಿ. ಚಿಕ್ಕದೇ ಭಾರ ಅನ್ನಿಸುತ್ತದೆ. ಹತ್ತಾರು ಸಲ ಎತ್ತಿದ ಮೇಲೆ ಬೆರಳುಗಳು ಸರಿಯಾದ ಬಲ ಹಾಕುವುದನ್ನು ಕಲಿಯುತ್ತವೆ, ಭ್ರಮೆ ಮಾತ್ರ ಹೋಗುವುದಿಲ್ಲ. ದೊಡ್ಡದು ಭಾರ ಇರುತ್ತದೆ ಅನ್ನುವುದೇ ಪ್ರಯರ್ ಆಗಿದ್ದರೆ ದೊಡ್ಡದೇ ಭಾರ ಅನ್ನಿಸಬೇಕಿತ್ತು, ಅಲ್ವಾ? ಇಲ್ಲಿ ಆಗುವುದು ತದ್ವಿರುದ್ಧ. ಇದಕ್ಕೆ ತಕ್ಕ ಇನ್ನೊಂದು ಪ್ರಯರ್ ಅನ್ನು ಸುಮ್ನೆ ಕೂತು ಹುಟ್ಟಿಸಬಹುದಿತ್ತು. ಸಂಶೋಧಕಿ ಮೇಗನ್ ಪೀಟರ್ಸ್ ಮತ್ತು ಜೊತೆಗಾರರು ಹಾಗೆ ಮಾಡಲಿಲ್ಲ. ದಿನಬಳಕೆಯ ವಸ್ತುಗಳ ಗಾತ್ರವನ್ನೂ ತೂಕವನ್ನೂ ನಿಜವಾಗಿ ಅಳೆದರು. ಮನುಷ್ಯ ಮಾಡಿದ, ಕೈಯಲ್ಲಿ ಎತ್ತಬಹುದಾದ ವಸ್ತುಗಳಲ್ಲಿ ಚಿಕ್ಕವು ಹೆಚ್ಚು ಸಾಂದ್ರ, ಅಂದರೆ ಗಾತ್ರಕ್ಕೆ ಹೋಲಿಸಿದರೆ ಹೆಚ್ಚು ಭಾರ, ಅಂತ ಗೊತ್ತಾಯಿತು. 2015ರಲ್ಲಿ ಅದನ್ನು ಪ್ರಕಟಿಸಿ, ಮರುವರ್ಷ ಈ ಭ್ರಮೆಗೆ ಬೇಯೀಸಿಯನ್ ಮಾದರಿ ಕಟ್ಟಿದರು. ಆ ಮಾದರಿಯೇ ಕೊನೆಯ ಮಾತು ಅಂತ ನಾನು ಹೇಳುತ್ತಿಲ್ಲ. ಆದರೆ ನಾಳೆ ಅದು ತಪ್ಪು ಅನ್ನುವವರು ಎಲ್ಲಿ ಕೈ ಇಟ್ಟು ತೋರಿಸಬೇಕು ಅನ್ನುವುದು ಅದರಲ್ಲಿ ಸ್ಪಷ್ಟವಾಗಿದೆ.