ರಸೀದಿಯಲ್ಲಿ ಖಾಲಿ ಉಳಿದ ಎರಡು ಬೆರಳು ಜಾಗ

ನಮ್ಮ ಕಾಕಾ ಹೋದ ತಿಂಗಳು ತೀರಿಕೊಂಡರು. ದಿನಕರ್ಮ ಮುಗಿದ ಮೇಲೆ ಅವರ ಟ್ರಂಕು ತೆರೆದು ಕಾಗದಪತ್ರ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಬಾಗಲಕೋಟೆಯ ನವನಗರದಲ್ಲಿ ನನ್ನದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ನಮ್ಮ ಮನೆತನದಲ್ಲಿ ಯಾವ ಕಾಗದ ಬಂದರೂ ಮೊದಲು ನನ್ನ ಕೈಗೆ ಕೊಡುವುದು ರೂಢಿ. ಟ್ರಂಕಿನಲ್ಲಿ ಹಳೆಯ ಉತಾರೆಗಳಿದ್ದವು, ಸೊಸೈಟಿ ಸಾಲದ ಪಾಸ್‌ಬುಕ್ ಇತ್ತು, ಕಂದಾಯ ಕಟ್ಟಿದ ಚೀಟಿಗಳಿದ್ದವು. ಎಲ್ಲದರ ತಳದಲ್ಲಿ, ಗೊಬ್ಬರದ ಅಂಗಡಿಯ ಪ್ಲಾಸ್ಟಿಕ್ ಚೀಲದೊಳಗೆ, ನಾಲ್ಕು ಮಡಿಕೆ ಮಾಡಿಟ್ಟ ಒಂದು ಹಾಳೆ. ಆಲಮಟ್ಟಿ ಆಣೆಕಟ್ಟಿನಿಂದಾಗಿ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಎರೆ ಹೊಲಕ್ಕೆ ಪರಿಹಾರ ಪಡೆದ ರಸೀದಿಯ ಪ್ರತಿ ಅದು. ಕೆಳಗೆ ಕಾಕಾ ಅವರ ಸಹಿ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ಕೈ. ಹೆಸರಿನ ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಅದು ಗೆರೆ ದಾಟಿ ಕೆಳಗಿಳಿದಿದೆ. ಸಹಿಯ ಮೇಲೆ ಎರಡು ಬೆರಳಿನಷ್ಟು ಜಾಗ ಖಾಲಿ ಉಳಿದಿದೆ.

ಆ ಜಾಗದಲ್ಲಿ ಒಂದು ಸಾಲು ಇರಬೇಕಿತ್ತು: 'ಈ ಮೊತ್ತಕ್ಕೆ ನನ್ನ ತಕರಾರಿದೆ, ತಕರಾರು ಉಳಿಸಿಕೊಂಡೇ ಪಡೆದಿದ್ದೇನೆ.' 1894ರ ಭೂಸ್ವಾಧೀನ ಕಾಯ್ದೆಯ ಕಲಂ 18ರ ಪ್ರಕಾರ ಹೆಚ್ಚಿನ ಪರಿಹಾರ ಕೇಳಿ ಕೋರ್ಟಿಗೆ ಹೋಗಬೇಕಾದರೆ ಹಣ ಪಡೆಯುವಾಗಲೇ ತಕರಾರು ಹೇಳಿರಬೇಕು. ಹೇಳದೆ ಹಣ ಪಡೆದವನಿಗೆ ಆ ದಾರಿ ಅಲ್ಲಿಗೇ ಮುಗಿಯಿತು. ಕಾಕಾ ಬರೆಯಲಿಲ್ಲ. ಬರೆಯಿರಿ ಎಂದು ಮೇಜಿನ ಆಚೆ ಕುಳಿತವರೂ ಹೇಳಲಿಲ್ಲ. ಪಕ್ಕದ ಹೊಲದವರು ಬರೆದರು, ಏಕೆಂದರೆ ಅವರ ಅಳಿಯ ಒಬ್ಬ ವಕೀಲರ ಬಳಿ ಗುಮಾಸ್ತನಾಗಿದ್ದ. ಕೆಲವು ವರ್ಷಗಳ ಮೇಲೆ ಕೋರ್ಟು ಅವರ ಪರಿಹಾರ ಹೆಚ್ಚಿಸಿತು. ಎರಡೂ ಹೊಲಗಳ ನಡುವೆ ಒಂದು ಬದು ಮಾತ್ರ ಇತ್ತು. ಅದೇ ಕರಿಮಣ್ಣು, ಅದೇ ಬಿಳಿಜೋಳ, ಮುಳುಗಿಸಿದ್ದೂ ಅದೇ ನೀರು.

ಅಷ್ಟಾದರೂ ಇನ್ನೊಂದು ಬಾಗಿಲು ತೆರೆದೇ ಇತ್ತು ಎಂಬುದು ನನ್ನನ್ನು ಹೆಚ್ಚು ಸುಡುತ್ತದೆ. 1984ರ ತಿದ್ದುಪಡಿಯಲ್ಲಿ ಆ ಕಾಯ್ದೆಗೆ ಕಲಂ 28ಎ ಸೇರಿತು. ಒಂದೇ ಅಧಿಸೂಚನೆಯಲ್ಲಿ ಜಮೀನು ಕಳೆದುಕೊಂಡವರ ಪೈಕಿ ಒಬ್ಬರಿಗೆ ಕೋರ್ಟು ದರ ಹೆಚ್ಚಿಸಿದರೆ, ಕೋರ್ಟಿನ ಮೆಟ್ಟಿಲು ಹತ್ತದ ಉಳಿದವರೂ ಮೂರು ತಿಂಗಳೊಳಗೆ ಅರ್ಜಿ ಕೊಟ್ಟು ಅದೇ ದರ ಕೇಳಬಹುದು. ಓದುಬರಹ ಇಲ್ಲದ ರೈತನಿಗೆ ಅನ್ಯಾಯವಾಗಬಾರದು ಎಂದೇ ಮಾಡಿದ ಏರ್ಪಾಡು ಇದು. ಕಾಕಾ ಅವರಿಗೆ ಇದು ಗೊತ್ತಾಗುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. 'ಕಾಯ್ದೆ ನನ್ನನ್ನು ಎರಡು ಸಲ ಕರೆಯಿತು ತಮ್ಮಾ, ನನಗೇ ಕೇಳಿಸಲಿಲ್ಲ' ಎಂದು ಅವರು ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಹೇಳಿದ್ದರು. ತಪ್ಪು ತಮ್ಮದೇ ಎಂದು ನಂಬಿಕೊಂಡೇ ಹೋದರು. ಅದನ್ನು ನಾನು ಒಪ್ಪುವುದಿಲ್ಲ.

ಅಂದಿನಿಂದ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕಾನೂನಿನ ಆಳ್ವಿಕೆ, ಅಂದರೆ ಸರ್ಕಾರವೂ ಸೇರಿ ಎಲ್ಲರೂ ಕಾಯ್ದೆಗೆ ಒಳಪಟ್ಟಿರಬೇಕು ಎಂಬ ವಿಷಯದ ಮೇಲೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಇದಕ್ಕಾಗಿಯೇ ದುಡಿಯುವ ಸಂಸ್ಥೆಗಳು ಜಗತ್ತಿನ ತುಂಬ ಇವೆ. ಜಿನೀವಾದಲ್ಲಿ ಅಂತರರಾಷ್ಟ್ರೀಯ ನ್ಯಾಯವಾದಿಗಳ ಆಯೋಗವಿದೆ, 1952ರಲ್ಲಿ ಹುಟ್ಟಿದ್ದು. ಸಂವಿಧಾನದ ಬಗ್ಗೆ ದೇಶಗಳಿಗೆ ಸಲಹೆ ಕೊಡಲು ಯುರೋಪಿನವರು 1990ರಲ್ಲಿ ವೆನಿಸ್ ಆಯೋಗ ಕಟ್ಟಿಕೊಂಡರು. ಅಮೆರಿಕದ ವಕೀಲರ ಸಂಘದಿಂದ 2006ರಲ್ಲಿ ಮೊಳೆತ ವರ್ಲ್ಡ್ ಜಸ್ಟಿಸ್ ಪ್ರಾಜೆಕ್ಟ್ ಕಾನೂನಿನ ಆಳ್ವಿಕೆಯ ಸೂಚ್ಯಂಕವನ್ನು ಪ್ರಕಟಿಸುತ್ತದೆ; 2024ರ ಪಟ್ಟಿಯ 142 ದೇಶಗಳಲ್ಲಿ ಡೆನ್ಮಾರ್ಕ್ ಮೊದಲು, ಭಾರತ 79ನೆಯದು.

ಈ ಅಂಕಿ ಹೇಳಿದ ಕೂಡಲೇ ಗೆಳೆಯರಲ್ಲಿ ಜಗಳ ಶುರುವಾಗುತ್ತದೆ. ನಮಗೆ ಅಂಕ ಕೊಡಲು ಅವರು ಯಾರು ಎನ್ನುವವರು ಒಂದು ಕಡೆ, ನೋಡಿ ನಮ್ಮ ಹಣೆಬರಹ ಎನ್ನುವವರು ಇನ್ನೊಂದು ಕಡೆ. ಎರಡೂ ಮಾತಿನಿಂದ ನಮ್ಮ ತಾಲೂಕಿನ ಒಬ್ಬ ರೈತನಿಗೂ ಉಪಯೋಗವಿಲ್ಲ. ಆ ಸೂಚ್ಯಂಕದಲ್ಲಿ ನನಗೆ ಬೆಲೆಯುಳ್ಳದ್ದು ಎನಿಸಿದ್ದು ಬೇರೆಯೇ ಒಂದು ಸಂಗತಿ. ಅವರು ಕಾಯ್ದೆಯ ಪುಸ್ತಕ ತೂಕ ಹಾಕಿ ಅಂಕ ಕೊಡುವುದಿಲ್ಲ. ಪರಿಣತರ ಜೊತೆಗೆ ಸಾಮಾನ್ಯ ಮನೆಗಳವರನ್ನೂ ಮಾತನಾಡಿಸಿ, ನಿಮ್ಮ ಅನುಭವಕ್ಕೆ ಬಂದದ್ದೇನು ಎಂದು ಕೇಳುತ್ತಾರೆ. ಪುಸ್ತಕ ಮಾತ್ರ ನೋಡಿದ್ದರೆ ಕಾಕಾ ಅವರಿಗೆ ಎರಡು ಹಕ್ಕುಗಳಿದ್ದವು ಎಂದು ಬರೆದುಕೊಳ್ಳುತ್ತಿದ್ದರು. ಕಾಕಾ ಅವರನ್ನೇ ಕೇಳಿದ್ದರೆ ಒಂದೂ ಇರಲಿಲ್ಲ ಎಂದು ಬರೆದುಕೊಳ್ಳಬೇಕಾಗುತ್ತಿತ್ತು.

ಇದೆಲ್ಲ ಹೊರಗಿನವರ ವಿಚಾರ ಎನ್ನುವವರಿಗೆ ಒಂದು ಮಾತು ಹೇಳಬೇಕು. 1959ರ ಜನವರಿಯಲ್ಲಿ ಆ ಜಿನೀವಾ ಆಯೋಗದ ಮಹಾಸಮ್ಮೇಳನ ನಡೆದದ್ದು ನಮ್ಮ ದೆಹಲಿಯಲ್ಲಿ. 53 ದೇಶಗಳ 185 ನ್ಯಾಯಾಧೀಶರು, ವಕೀಲರು, ಪ್ರಾಧ್ಯಾಪಕರು ಕೂಡಿ ದೆಹಲಿ ಘೋಷಣೆಯನ್ನು ಒಪ್ಪಿದರು. ಕಾನೂನಿನ ಆಳ್ವಿಕೆ ಎಂದರೆ ಸರ್ಕಾರದ ಕೈ ಕಟ್ಟುವುದಷ್ಟೇ ಆಗಬಾರದು, ಮನುಷ್ಯ ಮಾನದಿಂದ ಬದುಕಲು ಬೇಕಾದ ಸಾಮಾಜಿಕ, ಆರ್ಥಿಕ ಸ್ಥಿತಿಯನ್ನೂ ಅದು ಕಟ್ಟಿಕೊಡಬೇಕು ಎಂಬ ಆಶಯ ಅದರಲ್ಲಿದೆ. ಐದು ವರ್ಷದ ನಂತರ, 1964ರಲ್ಲಿ, ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಆಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಆಣೆಕಟ್ಟು ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ, ಅದರ ನೀರಿನಿಂದ ಎಷ್ಟೋ ಹೊಲಗಳು ಹಸಿರಾಗಿವೆ. ಆದರೆ ಹೊಲ ಬಿಟ್ಟುಕೊಟ್ಟವನ ಜೊತೆ ಕಾನೂನು ತಿಳಿದ ಒಬ್ಬ ಮನುಷ್ಯನನ್ನು ನಿಲ್ಲಿಸುವುದು ಆಣೆಕಟ್ಟಿನ ಲೆಕ್ಕದಲ್ಲಿಯೇ ಸೇರಬೇಕಿತ್ತು.

ಹಾಗೆ ನಿಲ್ಲುವವರ ಕಥೆ ಓದಿದಾಗ ನನ್ನ ಕಣ್ಣು ತುಂಬಿತು. ದಕ್ಷಿಣ ಆಫ್ರಿಕಾದಲ್ಲಿ 1955ರಲ್ಲಿ ಕೆಲವು ಬಿಳಿಯ ಹೆಂಗಸರು ಬ್ಲ್ಯಾಕ್ ಸ್ಯಾಶ್ ಎಂಬ ಸಂಘಟನೆ ಕಟ್ಟಿದರು. ಸಂವಿಧಾನ ಸತ್ತಿತೆಂದು ಸೂತಕದ ಗುರುತಾಗಿ ಕಪ್ಪು ಪಟ್ಟಿ ಧರಿಸಿ ರಸ್ತೆಯಲ್ಲಿ ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ ಅವರು ಕೈಗೆತ್ತಿಕೊಂಡ ಕೆಲಸ ನನಗೆ ಇನ್ನೂ ದೊಡ್ಡದು. ಊರೂರಲ್ಲಿ ಸಲಹಾ ಕಚೇರಿ ತೆರೆದು ಕುಳಿತರು. ಪಾಸ್ ಕಾಯ್ದೆಯಿಂದಾಗಿ ತಮ್ಮದೇ ನಾಡಿನ ಪಟ್ಟಣದಲ್ಲಿ ನೆಲೆಸಲು ಪರವಾನಗಿ ಬೇಕಾಗಿದ್ದ ಕರಿಯರು ಕಾಗದ ಹಿಡಿದು ಬರುತ್ತಿದ್ದರು; ಇವರು ಅದನ್ನು ಓದಿ, ಇದರಲ್ಲಿ ನಿಮಗೆ ಉಳಿದಿರುವ ದಾರಿ ಇದು ಎಂದು ತಿಳಿಸುತ್ತಿದ್ದರು. ಕಾಯ್ದೆಯೇ ಅನ್ಯಾಯದ್ದಾಗಿದ್ದ ನೆಲದಲ್ಲಿಯೂ ಅದರ ಸಂದಿಯಲ್ಲಿ ಒಂದು ಕುಟುಂಬ ಒಟ್ಟಿಗೆ ಉಳಿಯುವಂತೆ ಮಾಡುವುದು ಸಣ್ಣ ಕೆಲಸವಲ್ಲ. ಪಾಸ್ ಕಾಯ್ದೆಗಳು 1986ರಲ್ಲಿ ರದ್ದಾದವು.

ಸಿಯೆರಾ ಲಿಯೋನ್ ಎಂಬ ಪಶ್ಚಿಮ ಆಫ್ರಿಕಾದ ಸಣ್ಣ ದೇಶದಲ್ಲಿ 1991ರಿಂದ 2002ರವರೆಗೆ ಅಂತರ್ಯುದ್ಧ ನಡೆಯಿತು. ಯುದ್ಧ ಮುಗಿದಾಗ ಇಡೀ ದೇಶಕ್ಕೆ ಸುಮಾರು ನೂರು ವಕೀಲರು, ಅವರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ರಾಜಧಾನಿಯಲ್ಲಿ. ಹಳ್ಳಿಗೆ ಬರುವವರು ಯಾರು? 2003ರಲ್ಲಿ ಟಿಮಾಪ್ ಎಂಬ ಸಂಸ್ಥೆ ಶುರುವಾಯಿತು. ಅಲ್ಲಿಯ ಕ್ರಿಯೋ ಭಾಷೆಯಲ್ಲಿ ಟಿಮಾಪ್ ಎಂದರೆ ಎದ್ದು ನಿಲ್ಲು ಎಂದು. ಹಳ್ಳಿಯವರನ್ನೇ ಆರಿಸಿ, ಕಾಯ್ದೆಯ ಮೂಲಪಾಠ ಕಲಿಸಿ, ಜನರ ನಡುವೆ ಕೂರಿಸಿದರು. ಅವರು ಕೋರ್ಟಿನಲ್ಲಿ ವಾದಿಸುವುದಿಲ್ಲ. ಅರ್ಜಿ ಬರೆಯುತ್ತಾರೆ, ರಾಜಿ ಮಾಡಿಸುತ್ತಾರೆ, ಠಾಣೆಗೆ ಜೊತೆಯಲ್ಲಿ ಹೋಗುತ್ತಾರೆ, ತಮ್ಮಿಂದಾಗದ್ದನ್ನು ವಕೀಲರಿಗೆ ಮುಟ್ಟಿಸುತ್ತಾರೆ. 2012ರಲ್ಲಿ ಆ ದೇಶದ ಕಾನೂನು ನೆರವು ಕಾಯ್ದೆಯೇ ಇವರನ್ನು ಮಾನ್ಯ ಮಾಡಿತು. ಟಿಮಾಪ್ ಕಟ್ಟಿದವರಲ್ಲಿ ಒಬ್ಬರಾದ ವಿವೇಕ್ ಮಾರು ಅವರು 2011ರಲ್ಲಿ ಆರಂಭಿಸಿದ ನಮಾತಿ ಎಂಬ ಸಂಸ್ಥೆ ನಮ್ಮದೇ ಉತ್ತರ ಕನ್ನಡದ ಕರಾವಳಿಯಲ್ಲಿಯೂ ಪರಿಸರ ಕಾಯ್ದೆಗಳ ಬಗ್ಗೆ ಹಳ್ಳಿಗರ ಜೊತೆ ಕೆಲಸ ಮಾಡಿದೆ. ಘಟ್ಟದ ಆಚೆಗೆ ಬಂದದ್ದು ನಮ್ಮ ಬಯಲಿಗೆ ಬರಲಾರದೇ?

ನಮ್ಮಲ್ಲಿ ಕಾಯ್ದೆ ಇಲ್ಲವೇ ಎಂದರೆ, ಇದೆ. ಸಂವಿಧಾನದ 39ಎ ವಿಧಿ ಉಚಿತ ಕಾನೂನು ನೆರವಿನ ಮಾತು ಹೇಳುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಸಾಕು. ವಕೀಲರಲ್ಲದಿದ್ದರೂ ಕಾಯ್ದೆಯ ತರಬೇತಿ ಪಡೆದು ಜನರಿಗೆ ದಾರಿ ತೋರಿಸುವ ಅರೆ ಕಾನೂನು ಸ್ವಯಂಸೇವಕರ ಯೋಜನೆ 2009ರಿಂದ ಇದೆ. ಹೈಕೋರ್ಟಿಗಾಗಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದ ನಮಗೆ 2008ರಲ್ಲಿ ಧಾರವಾಡಕ್ಕೇ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಇವೆಲ್ಲ ಹೋರಾಡಿ ಪಡೆದದ್ದು, ನನಗೆ ಹೆಮ್ಮೆಯಿದೆ.

ಆದರೂ ಮೊನ್ನೆ ಬಾದಾಮಿ ಕಡೆಯ ಒಬ್ಬ ತಾಯಿ ಜೀವನಾಂಶದ ಅರ್ಜಿ ಟೈಪ್ ಮಾಡಿಸಲು ಬಂದರು. ವಕೀಲರನ್ನು ಗೊತ್ತುಮಾಡಿಕೊಡುತ್ತೇನೆಂದು ಯಾರೋ ನಡುವಿನವರು ಅವರಿಂದ ಎರಡು ಸಾವಿರ ರೂಪಾಯಿ ತೆಗೆದುಕೊಂಡಿದ್ದರು. 'ಹೆಣ್ಣುಮಕ್ಕಳಿಗೆ ಫೀ ಇಲ್ಲದ ವಕೀಲರು ಸಿಗುತ್ತಾರವ್ವಾ' ಎಂದೆ. 'ಯಾರೂ ಹೇಳಲಿಲ್ಲವಲ್ಲಪ್ಪಾ' ಎಂದರು. ಕಾಕಾ ಅವರ ಕಥೆಯೂ ಇದೇ ಆಗಿತ್ತು.

ಹಾಗಾಗಿ ನನ್ನ ಬೇಡಿಕೆ ಒಂದೇ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ, ಪ್ರತಿ ಪುನರ್ವಸತಿ ಕೇಂದ್ರದಲ್ಲಿ, ತರಬೇತಿ ಪಡೆದ ಒಬ್ಬರು ಸಂಬಳದ ಮೇಲೆ ದಿನವೂ ಕುಳಿತಿರಬೇಕು. ವರ್ಷಕ್ಕೊಮ್ಮೆ ಶಾಮಿಯಾನ ಹಾಕಿ ನಡೆಸುವ ಅರಿವು ಶಿಬಿರ ಸಾಲದು. ಆ ದಿನ ಹೊಲಕ್ಕೆ ಹೋದವನಿಗೆ ಅದು ದಕ್ಕುವುದಿಲ್ಲ.

ಈಗಲೇ ಏಕೆ ಅವಸರ ಎಂದರೆ, ಆಣೆಕಟ್ಟಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಮತ್ತೆ ಮುಂದೆ ಬಂದಿದೆ. ಅದಕ್ಕೆ ಇನ್ನೂ 75 ಸಾವಿರ ಎಕರೆಯಷ್ಟು ಜಮೀನು ಬೇಕು. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ರೂಪಾಯಿ ಎಂದು ತೀರ್ಮಾನಿಸಿತು, ಅದೂ ಒಪ್ಪಿತ ಐತೀರ್ಪಿನ ಮೂಲಕ, ಅಂದರೆ ಸರ್ಕಾರ ಹೇಳಿದ ದರಕ್ಕೆ ರೈತ ಒಪ್ಪಿ ಸಹಿ ಮಾಡುವ ಮೂಲಕ. ದರ ಹಿಂದಿನದಕ್ಕಿಂತ ಬಹಳ ಮೇಲು, ಸ್ವಾಗತಿಸುತ್ತೇನೆ. ಆದರೆ ಒಪ್ಪಿ ಸಹಿ ಮಾಡುವುದೆಂದರೆ ದರದ ತಕರಾರನ್ನು ಅಲ್ಲಿಗೇ ಬಿಟ್ಟುಕೊಡುವುದು. ಕೆಲವರಿಗೆ ಅದೇ ಲಾಭ, ಕೆಲವರಿಗೆ ಅಲ್ಲ. ಯಾವುದು ತನಗೆ ಒಳಿತು ಎಂದು ತಿಳಿದು ಸಹಿ ಮಾಡಬೇಕು. ಒಪ್ಪದೆ ಹಣ ಪಡೆಯುವವರಿಗೆ 2013ರ ಹೊಸ ಕಾಯ್ದೆಯಲ್ಲಿಯೂ ತಕರಾರು ಬರೆಯಬೇಕೆಂಬ ನಿಯಮ ಹಾಗೆಯೇ ಉಳಿದಿದೆ.

ಕಾಕಾ ಅವರ ರಸೀದಿಯ ಜೆರಾಕ್ಸ್ ಪ್ರತಿಯನ್ನು, ಹೆಸರು ಮುಚ್ಚಿ, ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ಖಾಲಿ ಜಾಗದಲ್ಲಿ ಆ ಸಾಲನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ನಿನ್ನೆ ಸಂಜೆ ಬೀಳಗಿ ಕಡೆಯ ಹಿರಿಯರೊಬ್ಬರು ಅದನ್ನು ಮೊಮ್ಮಗನಿಂದ ಓದಿಸಿಕೊಂಡು, 'ತಮ್ಮಾ, ಒಪ್ಪಿ ಸಹಿ ಮಾಡಿದ ಮೇಲೆ ಈ ಸಾಲು ನಡೆಯುತ್ತದೆಯೇ?' ಎಂದು ಕೇಳಿದರು. ನಡೆಯುವುದಿಲ್ಲ, ಮೊದಲು ಕಾಗದ ತನ್ನಿ ಅಜ್ಜಾರೇ ಎಂದೆ. ಸೋಮವಾರ ತರುತ್ತಾರೆ. ವಕೀಲ ಗೆಳೆಯರೊಬ್ಬರನ್ನು ಕರೆದಿದ್ದೇನೆ. ಇಬ್ಬರೂ ಕುಳಿತು ಅವರಿಗೆ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳುತ್ತೇವೆ.