ಫಜ್ ಪೆಡಲಿನ ಫಜೀತಿ

ಗಿಟಾರಿನ ಸದ್ದು ಬದಲಿಸಲು ಕಾಲಲ್ಲಿ ತುಳಿಯುವ ಪೆಡಲುಗಳಲ್ಲಿ, ಬಿಡಿಭಾಗಗಳ ಕಿಟ್ ತರಿಸಿ ಕಟ್ಟಲು, ಸದ್ದನ್ನು ಗೊರಗುಟ್ಟಿಸುವ ಫಜ್‌ನಷ್ಟು ಸುಲಭದ್ದು ಬೇರೆ ಇಲ್ಲ ಅನ್ನುತ್ತಾರೆ. ಲೆಕ್ಕಕ್ಕೆ ನಿಜ. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ಹೊರತಂದ ಫಜ್ ಫೇಸ್‌ನ ಒಳಗಿದ್ದದ್ದೇ 2 ಟ್ರಾನ್ಸಿಸ್ಟರ್, 4 ರೆಸಿಸ್ಟರ್, 3 ಕೆಪಾಸಿಟರ್, 2 ಪಾಟ್ (ತಿರುಗಿಸುವ ಗುಂಡಿಯ ರೆಸಿಸ್ಟರ್). ಈ ಹನ್ನೊಂದು ಪಾಪದವು. ಸತಾಯಿಸುವುದು ಲೆಕ್ಕಕ್ಕೆ ಸೇರದ ಸ್ವಿಚ್ಚು, ವಯರು, ಅಡಾಪ್ಟರು ಮತ್ತು ಕಾಸರಗೋಡಿನ ಹವೆ.

ಹವೆಯ ವಿಷಯ ಮೊದಲು. ಹಳೆಯ ಸದ್ದಿನ ಆಸೆಗೆ ಬಿದ್ದು ಜರ್ಮೇನಿಯಂ ಟ್ರಾನ್ಸಿಸ್ಟರಿನ ಕಿಟ್ ತರಿಸಬೇಡಿ. ಬಿಸಿ ಏರಿದ ಹಾಗೆ ಅದರ ಲೀಕೇಜ್, ಅಂದರೆ ಬೇಡದೆ ಸೋರುವ ಕರೆಂಟು, ಏರುತ್ತದೆ; ಬಯಾಸ್, ಅಂದರೆ ಅದು ಸರಿಯಾಗಿ ಕೆಲಸ ಮಾಡುವ ವೋಲ್ಟೇಜಿನ ನೆಲೆ, ಜಾರುತ್ತದೆ. ಕುಂಬಳೆಯ ಎಪ್ರಿಲ್ ಸೆಖೆಯಲ್ಲಿ ಮನುಷ್ಯರದ್ದೇ ಬಯಾಸ್ ನಿಲ್ಲುವುದಿಲ್ಲ! ಸಿಲಿಕಾನ್ ಇರಲಿ.

ಇನ್ನು ರೆಸಿಸ್ಟರು. ನಾಲ್ಕು ಬಣ್ಣದ ಪಟ್ಟಿಯದ್ದಾದರೆ 33ಕೆ (33 ಸಾವಿರ ಓಮ್) ಎಂದರೆ ಮೊದಲ ಮೂರು ಪಟ್ಟಿ ಕಿತ್ತಳೆ-ಕಿತ್ತಳೆ-ಕಿತ್ತಳೆ. 330 ಓಮ್ ಎಂದರೆ ಕಿತ್ತಳೆ-ಕಿತ್ತಳೆ-ಕಂದು. ಟ್ಯೂಬ್‌ಲೈಟಿನ ಕೆಳಗೆ ಕಂದೂ ಕಿತ್ತಳೆಯೂ ಅಣ್ಣತಮ್ಮಂದಿರು. ಕಣ್ಣನ್ನು ನಂಬದೆ ಪ್ರತಿಯೊಂದನ್ನೂ ಮಲ್ಟಿಮೀಟರಿನಲ್ಲಿ ಅಳೆದೇ ಕೂರಿಸಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಮೈಮೇಲಿನ ಪಟ್ಟಿ ಮೈನಸ್, ಎಲ್‌ಇಡಿಯ ಉದ್ದ ಕಾಲು ಪ್ಲಸ್.

ಸೋಲ್ಡರಿಂಗಿಗೆ 25 ವಾಟಿನ ಐರನ್ ಸಾಕು. ಮೊದಲು ಬೋರ್ಡಿನ ಲೋಹದ ಪ್ಯಾಡನ್ನೂ ಬಿಡಿಭಾಗದ ಕಾಲನ್ನೂ ಒಟ್ಟಿಗೆ ಬಿಸಿ ಮಾಡಿ, ಆಮೇಲೆ ಸೋಲ್ಡರ್ ತಾಗಿಸಿ. ಸೋಲ್ಡರಿನೊಳಗೆ ಇದ್ದು ಹೊಗೆಯಾಡುವ ರೋಸಿನ್ ಎಂದರೆ ಮರದ ರಾಳವೇ ಆದ್ದರಿಂದ ಒಳಗಿನಿಂದ ಅಜ್ಜಿ "ಯಾರು ಮಾರಾಯ ಈ ಹೊತ್ತಿಗೆ ಧೂಪ ಹಾಕಿದ್ದು?" ಎಂದು ಕೇಳಿದರೆ ಆಶ್ಚರ್ಯವಿಲ್ಲ. ಆಟಿಯ ಮಳೆಗೆ ಕರೆಂಟು ಹೋಗುವುದು ಸರಿಯಾಗಿ ಒಂದು ಜಾಯಿಂಟಿನ ನಡುವಿನಲ್ಲೇ. ಐರನ್ ತಣಿಯುತ್ತಿರುವಾಗ ಅವಸರಕ್ಕೆ ಮುಗಿಸಿದ ಜಾಯಿಂಟು ಮಂಕಾಗಿ, ಉಂಡೆಯಾಗಿ, ಮೇಲ್ನೋಟಕ್ಕೆ ಸಭ್ಯವಾಗಿಯೇ ಇರುತ್ತದೆ. ಸದ್ದು ಮಾತ್ರ ದಾಟುವುದಿಲ್ಲ. ಕರೆಂಟು ಬಂದ ಮೇಲೆ ಅದನ್ನು ಪುನಃ ಕರಗಿಸಲೇಬೇಕು.

ನಿಜವಾದ ಕಂಟಕ ಕಾಲಲ್ಲಿ ತುಳಿಯುವ ಸ್ವಿಚ್ಚು. ಒಂಬತ್ತು ಕಾಲಿನ ಚೌಕ. 90 ಡಿಗ್ರಿ ತಿರುಗಿಸಿ ಹಿಡಿದರೂ ಹಾಗೆಯೇ ಕಾಣುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಕಾಲುಗಳ ಚಪ್ಪಟೆ ಮುಖ ಕಿಟ್‌ನ ಚಿತ್ರದಲ್ಲಿದ್ದ ಹಾಗೇ ಇದೆಯೋ ನೋಡಿ. ಒಂದೇ ಕಾಲಿಗೆ ಐರನ್ ಒತ್ತಿ ಕೂತರೆ ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಕಾಂಟ್ಯಾಕ್ಟ್ ಜರುಗುತ್ತದೆ. ಎರಡು ಮೂರು ಸೆಕೆಂಡಿಗೆ ಮುಗಿಸಿ, ಪಕ್ಕದ ಕಾಲನ್ನು ಬಿಟ್ಟು ದೂರದ್ದಕ್ಕೆ ಹೋಗಿ. ಪಾಟುಗಳ ಬೆನ್ನಿಗೆ ಇನ್ಸುಲೇಶನ್ ಟೇಪು ಅಂಟಿಸಿ. ಇಲ್ಲದಿದ್ದರೆ ಮುಚ್ಚಳ ಬಿಗಿದಾಗ ಅದು ಬೋರ್ಡಿಗೆ ತಾಗಿ, ತೆರೆದಿಟ್ಟಾಗ ಮಾತ್ರ ಹಾಡುವ ಪೆಡಲ್ ನಿಮ್ಮದಾಗುತ್ತದೆ.

ಅಡಾಪ್ಟರ್? ಮನೆಯ ವೈಫೈ ಡಬ್ಬಿಯದ್ದನ್ನು ಮುಟ್ಟಬೇಡಿ. ಪಿನ್ನು ಹಿತವಾಗಿ ಒಳಗೆ ಕೂರುತ್ತದೆ, ಅದೇ ಅಪಾಯ. ಅದು ಸಾಮಾನ್ಯವಾಗಿ 12 ವೋಲ್ಟು, ನಡುವೆ ಪ್ಲಸ್. ಪೆಡಲಿಗೆ ಬೇಕಾದ್ದು 9 ವೋಲ್ಟು, ನಡುವೆ ಮೈನಸ್. ಮೊದಲ ಪರೀಕ್ಷೆಗೆ 9 ವೋಲ್ಟಿನ ಬ್ಯಾಟರಿಯೇ ಒಳ್ಳೆಯದು. ಇನ್‌ಪುಟ್ ಜ್ಯಾಕೇ ಅದರ ಸ್ವಿಚ್ಚು, ಹಾಗಾಗಿ ಗಿಟಾರಿನ ಕೇಬಲ್ ಕೀಳದೆ ಮಲಗಿದರೆ ಬ್ಯಾಟರಿ ಸುಮ್ಮನೆ ಕರಗುತ್ತಲೇ ಇರುತ್ತದೆ.

ತುಳಿದು ಪೆಡಲ್ ಆನ್ ಮಾಡಿದಾಗ ಸದ್ದಿಲ್ಲ, ಇನ್ನೊಮ್ಮೆ ತುಳಿದು ಆಫ್ ಮಾಡಿದಾಗ ಗಿಟಾರ್ ಕೇಳುತ್ತದೆ ಎಂದಾದರೆ ಹೆಚ್ಚಾಗಿ ದೋಷ ಬೋರ್ಡಿನಲ್ಲಿ. ಎರಡರಲ್ಲೂ ಸದ್ದಿಲ್ಲವಾದರೆ ಜ್ಯಾಕು, ಸ್ವಿಚ್ಚುಗಳ ವಯರು ನೋಡಿ. ಗಿಟಾರಿನ ಬದಲು ರೇಡಿಯೊ ವಾರ್ತೆ ಬಂದರೆ ಹೆದರಬೇಡಿ. ಫಜ್‌ಗೆ ಆ ಚಾಳಿ ಉಂಟು, ಲೋಹದ ಪೆಟ್ಟಿಗೆ ಮುಚ್ಚಿದರೆ ಹೆಚ್ಚಾಗಿ ಸುಮ್ಮನಾಗುತ್ತದೆ.

ಕೊನೆಗೆ, ಸರಿಯಾಗಿ ಕಟ್ಟಿದ ಫಜ್ ಕೂಡ ಕೆಟ್ಟುಹೋದ ಸ್ಪೀಕರಿನ ಹಾಗೆಯೇ ಗೊರಗುಟ್ಟುತ್ತದೆ, ಮನೆಯವರ ಅಭಿಪ್ರಾಯ ಉಪಯೋಗಕ್ಕೆ ಬಾರದು. ಎರಡನೇ ಟ್ರಾನ್ಸಿಸ್ಟರಿನ ಮೂರು ಕಾಲುಗಳಲ್ಲಿ ಕಲೆಕ್ಟರ್ ಎಂಬುದಕ್ಕೆ ಮೀಟರ್ ತಾಗಿಸಿ. 4.5 ವೋಲ್ಟಿನ ಆಸುಪಾಸು ತೋರಿಸಿದರೆ ಮುಚ್ಚಳದ ಸ್ಕ್ರೂ ಬಿಗಿಯಬಹುದು.