ಬಡ್ಡಿ ದಾನ ಮಾಡಿದರೆ ತೆರಿಗೆಗೆ ತೋರಿಸಬೇಕಿಲ್ಲವೇ?

ದಾವಣಗೆರೆಯ ಆಜಾದ್ ನಗರ, ಬಾಷಾ ನಗರದಲ್ಲಿ ಬಡ್ಡಿ ನಿಷಿದ್ಧ ಎಂದು ನಂಬುವ ಮುಸ್ಲಿಂ ನಿವೃತ್ತರ ಮೊಬೈಲ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. 'ಬ್ಯಾಂಕಿನ ಬಡ್ಡಿಯನ್ನು ನಾವು ಬಳಸದೆ ಬಡವರಿಗೆ ಕೊಟ್ಟರೆ ಅದು ನಮ್ಮ ಆದಾಯವೇ ಅಲ್ಲ. ರಿಟರ್ನ್ಸ್‌ನಲ್ಲಿ ತೋರಿಸಬೇಕಿಲ್ಲ. ಝಕಾತ್ (ಉಳಿತಾಯದ ಮೇಲೆ ಮುಸ್ಲಿಮರು ಕೊಡಬೇಕಾದ ಕಡ್ಡಾಯ ದಾನ) ಕೂಡ ಅದರಲ್ಲೇ ಮುಗಿಯಿತು' ಅಂತ. ಎರಡೂ ತಪ್ಪು.

ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿ. ಮೂರು ತಿಂಗಳಿಗೊಮ್ಮೆ ಬಡ್ಡಿ ಜಮಾ ಆದ ಸಾಲು ಇರುತ್ತದೆ. ಜಮಾ ಆಯಿತೆಂದರೆ ಕಾನೂನಿನ ಲೆಕ್ಕದಲ್ಲಿ ಅದು ನಿಮ್ಮ ಆದಾಯ. ಆಮೇಲೆ ಯಾರ ಕೈಗೆ ಕೊಟ್ಟಿರಿ ಅಂತ ಯಾರೂ ಕೇಳಲ್ಲ. ಬ್ಯಾಂಕು ಈ ಮಾಹಿತಿಯನ್ನು ತೆರಿಗೆ ಇಲಾಖೆಗೂ ಕಳಿಸುತ್ತದೆ, ಮುಚ್ಚಿಟ್ಟರೆ ನೋಟಿಸು ಬರಬಹುದು.

ಹೆದರುವಂಥದ್ದೂ ಏನಿಲ್ಲ. 2025-26ರ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ ಪಿಂಚಣಿ, ಬಡ್ಡಿ ಸೇರಿ ವರ್ಷಕ್ಕೆ 12 ಲಕ್ಷ ದಾಟದಿದ್ದರೆ ಕಟ್ಟುವ ತೆರಿಗೆ ಸೊನ್ನೆ. ಆದರೆ ಆದಾಯ 4 ಲಕ್ಷ ದಾಟಿದರೆ ಸಾಮಾನ್ಯವಾಗಿ ರಿಟರ್ನ್ಸ್ ಹಾಕಬೇಕು. ಸುಮ್ನೆ ಮುಚ್ಚಿಡೋದು ಯಾಕೆ, ಅಲ್ವಾ?

ಇನ್ನು ಝಕಾತ್. ಬಡ್ಡಿ ದುಡ್ಡನ್ನು ಸವಾಬಿನ (ಪುಣ್ಯದ) ಆಸೆ ಇಲ್ಲದೆ ಬಡವರಿಗೆ ಕೊಟ್ಟುಬಿಡಿ ಎನ್ನುವುದು ಅನೇಕ ಉಲೇಮಾಗಳ (ಧರ್ಮ ವಿದ್ವಾಂಸರ) ಮಾತು. ಅದು ಝಕಾತ್ ಆಗುವುದಿಲ್ಲ. ಗ್ರಾಚ್ಯುಟಿ, ಪಿಎಫ್ ಹಣ ಕೈಗೆ ಬಂದು ನಿಸಾಬ್ (ಝಕಾತ್ ಕಡ್ಡಾಯವಾಗುವ ಕನಿಷ್ಠ ಮೊತ್ತ) ದಾಟಿ ಒಂದು ಚಾಂದ್ರಮಾನ ವರ್ಷ ಉಳಿದಿದ್ದರೆ ಅದರ ಮೇಲೆ ಶೇ. 2.5 ಬೇರೆಯಾಗಿ ಕೊಡಬೇಕು. ವಾಸದ ಮನೆ ಈ ಲೆಕ್ಕಕ್ಕೆ ಬರುವುದಿಲ್ಲ.

ಬಡ್ಡಿಯೇ ಬೇಡ ಎನ್ನುವವರು ಕರೆಂಟ್ ಅಕೌಂಟ್ ಬಗ್ಗೆ ಬ್ಯಾಂಕಿನಲ್ಲಿ ಕೇಳಬಹುದು. ಅದಕ್ಕೆ ಬಡ್ಡಿ ಬರಲ್ಲ, ಆದರೆ ಮಿನಿಮಮ್ ಬ್ಯಾಲೆನ್ಸ್ ಸಾಮಾನ್ಯವಾಗಿ ಜಾಸ್ತಿ.